ಇನ್ನೂರ ಮೂವತ್ತರಲ್ಲಿದ್ದ ಅಜ್ಜಿ

ಗೆರೆಮನೆಯ ಗೋಡೆಯಗಲದ ಪರದೆಯ ಮೇಲೆ ನಾನೂರ ಹನ್ನೆರಡು ಗೆರೆಗಳಿವೆ. ಒಂದೊಂದು ಗೆರೆಯೂ ಒಬ್ಬ ಅಜ್ಜಿ, ಇಲ್ಲವೇ ಒಬ್ಬ ತಾತ. ರಕ್ತದಲ್ಲಿ ಸಕ್ಕರೆ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಆದರೆ ಯಾವ ಗೆರೆಗೂ ಬಹಳ ದೂರ ಹೋಗಲು ಬಿಡುವುದಿಲ್ಲ. ನೂರರಿಂದ ನೂರ ನಲವತ್ತರ ನಡುವೆ, ಗಾಳಿಯಿಲ್ಲದ ದಿನ ಕೆರೆಯ ನೀರು ಮಲಗಿರುವ ಹಾಗೆ ಅವು ಮಲಗಿರುತ್ತವೆ. ಎಚ್ಚರವಾಗದಂತೆ ಕಾಯುವುದು ನನ್ನ ಕೆಲಸ. ಇನ್ನೂರ ಎಪ್ಪತ್ತೇಳನೆಯ ಗೆರೆ ನನ್ನ ಅಜ್ಜಿಯದು.

ಕಾಯುವ ಕೆಲಸದ ಬಹುಪಾಲನ್ನು ಬಿಲ್ಲೆಯೇ ಮಾಡುತ್ತದೆ. ಎಂಟಾಣೆಯಷ್ಟು ಅಗಲದ ಬಿಲ್ಲೆ. ಕೊರಳಿನ ಕೆಳಗೆ, ಸರ ತಾಕದ ಜಾಗದಲ್ಲಿ, ಚರ್ಮದ ಒಳಗೆ ಕೂರಿಸುತ್ತಾರೆ. ಎರಡು ನಿಮಿಷಕ್ಕೊಮ್ಮೆ ರಕ್ತದ ಸಕ್ಕರೆ ಅಳೆಯುತ್ತದೆ. ಹೆಚ್ಚಾದರೆ ಇನ್ಸುಲಿನ್‌ನ ಒಂದು ಹನಿ, ಕಡಿಮೆಯಾದರೆ ಸಕ್ಕರೆ ಏರಿಸುವ ಇನ್ನೊಂದು ರಸದ ಹನಿ. ಮಣಿಕಟ್ಟಿನ ಪಟ್ಟಿಯಲ್ಲಿ ಆ ಹೊತ್ತಿನ ಅಂಕಿ ಕಾಣುತ್ತದೆ, ಗೆರೆ ನಮ್ಮ ಗೋಡೆಗೆ ಬರುತ್ತದೆ. ವಯಸ್ಸಾದವರ ಮರೆವಿಗೆ ಸಕ್ಕರೆಯ ಏರಿಳಿತ ದೊಡ್ಡ ಕಾರಣ, ಗೆರೆ ನೆಟ್ಟಗಾದರೆ ಬುದ್ಧಿಯೂ ನೆಟ್ಟಗಾಗುತ್ತದೆ ಎಂಬುದು ಈ ಪ್ರಯೋಗದ ನಂಬಿಕೆ. ಅದು ಸುಳ್ಳಾಗಲಿಲ್ಲ. ಮನೆಯ ದಾರಿ ಮರೆತಿದ್ದವರು ಮಂಡ್ಯದ ಬೀದಿಗಳಲ್ಲಿ ಮತ್ತೆ ಒಬ್ಬೊಬ್ಬರೇ ಓಡಾಡತೊಡಗಿದರು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಶಲ ಕೇಳುವ ರೀತಿಯೇ ಬದಲಾಯಿತು.

“ನಿಮ್ದೆಷ್ಟು ಗೌಡ್ರೆ?”

“ನೂರ ಹದ್ನೆಂಟು. ನಿಮ್ದು?”

“ನೂರ ಒಂಬತ್ತು.”

“ಅಯ್ಯೋ ಬುಡಿ ಅತ್ಲಾಗೆ, ನೀವಿನ್ನೂ ಎಳೇ ಹುಡುಗ್ರು!”

ನನ್ನ ಅಜ್ಜಿ ಚಿಕ್ಕತಾಯಮ್ಮನಿಗೆ ಎಪ್ಪತ್ತೆಂಟು. ಬಿಲ್ಲೆ ಹಾಕುವ ಮೊದಲು ನೆನಪಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಹದಿನಾಲ್ಕು ಬಂದಿತ್ತು. ಆರು ತಿಂಗಳಾದ ಮೇಲೆ ಇಪ್ಪತ್ತೇಳು. ನೂರರಿಂದ ಏಳೇಳು ಕಳೆಯುತ್ತ ಇಳಿಯುವ ಲೆಕ್ಕವನ್ನು ನಾನು ಎಡವಿದ ಕಡೆಯೂ ಎಡವದೆ ಹೇಳಿದಳು. ಗಡಿಯಾರ ಬರೆಯಿರಿ ಎಂದರೆ ಬರೆದು, ಕೇಳದಿದ್ದರೂ ಅದಕ್ಕೊಂದು ಲೋಲಕ ಸೇರಿಸಿದಳು.

ಇಷ್ಟೆಲ್ಲ ಸರಿಹೋಗುವ ಹೊತ್ತಿಗೆ ಅವಳಿಗೆ ನಾನು ಯಾರೆಂದು ತಿಳಿಯದಾಗಿತ್ತು.

*

“ಬನ್ನಿ ಕಣವ್ವ, ಕೂತ್ಕೊಳಿ. ಡ್ಯೂಟಿ ಮುಗೀತಾ?”

ದಿನಾ ಸಂಜೆ ಅವಳು ನನ್ನನ್ನು ಹೀಗೆ ಬರಮಾಡಿಕೊಳ್ಳುತ್ತಾಳೆ. ಅದು ನನ್ನ ಮನೆ. ನಾನು ಹುಟ್ಟಿದ ಮನೆ. ಒಳಗೆ ಹೋಗಿ ಬ್ಯಾಗು ಗೂಟಕ್ಕೆ ಸಿಕ್ಕಿಸಿ, ಕೈಕಾಲು ತೊಳೆದು ಬರುವವರೆಗೂ ಅವಳು ನನ್ನನ್ನೇ ನೋಡುತ್ತಿರುತ್ತಾಳೆ. ಪೇಯಿಂಗ್ ಗೆಸ್ಟ್ ಹುಡುಗಿಗೆ ಸ್ವಲ್ಪ ಸಲಿಗೆ ಹೆಚ್ಚಾಯಿತೇನೋ ಎನ್ನುವಂತೆ.

ಅವಳಿಗೆ ಐವತ್ತೈದು ವರ್ಷದವರೆಗಿನ ಬದುಕೆಲ್ಲ ನೆನಪಿದೆ, ಮೊದಲಿಗಿಂತ ಚೆನ್ನಾಗಿಯೇ ನೆನಪಿದೆ. ಅವಳ ತವರಿನ ಆಲೆಮನೆ, ಕೊಪ್ಪರಿಗೆಯ ಕಬ್ಬಿನ ಹಾಲು ಪಾಕಕ್ಕೆ ಬರುವಾಗಿನ ಬಣ್ಣ, ಮಗಳು ಜಯಶೀಲಳ ಬಾಣಂತನ, ಮೊಮ್ಮಗಳು ಒಂದು ವರ್ಷದ ಕೂಸಾಗಿ ಅಂಬೆಗಾಲಿಟ್ಟದ್ದು. ಬಿಲ್ಲೆ ಹಾಕಿದ ಮೇಲಿನದ್ದೂ ನೆನಪಿದೆ. ಇವತ್ತು ಯಾವ ವಾರ, ಹಾಲು ತರುವವಳ ಹೆಸರೇನು, ಎಲ್ಲ ಗೊತ್ತು. ನಡುವಿನ ಇಪ್ಪತ್ತಮೂರು ವರ್ಷ ಮಾತ್ರ ಒದ್ದೆಯಾಗಿ ಅಂಟಿಕೊಂಡ ಪುಸ್ತಕದ ಹಾಳೆಗಳ ಹಾಗೆ. ಅಲ್ಲೇನೋ ಬರೆದಿದೆ, ಬಿಡಿಸಲು ಬರುವುದಿಲ್ಲ.

ಆ ಅಂಬೆಗಾಲಿನ ಕೂಸು ನಾನೇ ಎಂದು ಹೇಳಿದ್ದೇನೆ. ಅವಳು ನಂಬದೆ ಇಲ್ಲ. “ಹೌದೇನವ್ವ? ಸಂತೋಷ,” ಎಂದು ನನ್ನ ತಲೆ ಸವರಿದಳು. ಬೇರೆಯವರ ಮನೆಯ ಮಕ್ಕಳಿಗೆ ಸವರುವ ಹಾಗೆ.

ಈಗ ಅವಳು ಕುಲಾವಿ ಹೊಲಿಯುತ್ತಿದ್ದಾಳೆ. ಕೆಂಪು ಬಟ್ಟೆಯದು, ಅಂಚಿಗೆ ಹಳದಿ ಪಟ್ಟಿ.

“ಯಾರಿಗಜ್ಜಿ?” ಎಂದು ಕೇಳಿದೆ.

“ಜಯಶೀಲನ ಕೂಸಿಗೆ.”

“ಆ ಕೂಸಿಗೀಗ ಇಪ್ಪತ್ನಾಲ್ಕು.”

“ಲೆಕ್ಕ ನಂಗೂ ಬತ್ತದೆ ಕಣವ್ವ.” ಸೂಜಿಗೆ ದಾರ ಪೋಣಿಸಿದಳು, ಕಣ್ಣು ಕಿರಿದು ಮಾಡಬೇಕಾಗಲಿಲ್ಲ. “ಆದ್ರೆ ಕಣ್ಮುಂದೆ ಬರೋ ತಲೆ ಇಷ್ಟೇ ಗಾತ್ರ ಅದೆ. ಏನ್ ಮಾಡ್ಲಿ?”

ಜಯಶೀಲ, ಅಂದರೆ ನನ್ನ ಅಮ್ಮ, ಡೆಂಗ್ಯೂ ಬಂದು ತೀರಿಕೊಂಡಾಗ ನನಗೆ ಐದು ವರ್ಷ. ಅಪ್ಪ ಬೇರೆ ಮದುವೆಯಾಗಿ ತಿಪಟೂರಿಗೆ ಹೋದರು. ನನ್ನನ್ನು ಬೆಳೆಸಿದವಳು ಅಜ್ಜಿ. ಅದೆಲ್ಲವೂ ಆ ಅಂಟಿದ ಹಾಳೆಗಳಲ್ಲಿದೆ. ಅಮ್ಮ ಸತ್ತದ್ದನ್ನು ಅವಳಿಗೆ ಮತ್ತೆ ನಾನೇ ಹೇಳಬೇಕಾಯಿತು. ಹೇಳುವಾಗ ನಾನು ಅವಳ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದೆ. ನೂರ ಹತ್ತೊಂಬತ್ತು ನೂರ ಮೂವತ್ತೆಂಟಾಯಿತು. ದುಃಖವೂ ಸಕ್ಕರೆ ಏರಿಸುತ್ತದೆ. ಬಿಲ್ಲೆ ತನ್ನ ಹನಿ ಬಿಟ್ಟಿತು. ಹತ್ತು ನಿಮಿಷದಲ್ಲಿ ನೂರ ಹದಿನೈದು.

“ಹೌದಾ,” ಎಂದಳು ಅಜ್ಜಿ.

ಮರುದಿನ ಪಕ್ಕದ ಮನೆಯವರಿಗೆ ಅವಳು ಹೇಳುವುದು ಕೇಳಿಸಿತು: “ನಮ್ ಜಯಶೀಲ ತೀರ್ಕೊಂಡ್ಳಂತೆ ಕಣ್ರೀ. ಜ್ವರ ಬಂದಿತ್ತಂತೆ.” ಬೇರೆ ಊರಿನ ಸುದ್ದಿ ಹೇಳುವ ದನಿ. ನಾನು ಅಡುಗೆಮನೆಯಲ್ಲಿ ನಿಂತು ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ. ಒಲೆಗಿಡಲು ನೋಡಿದರೆ ಎಲೆಯನ್ನೆಲ್ಲ ತಿಪ್ಪೆಬುಟ್ಟಿಗೆ ಹಾಕಿ, ಕಡ್ಡಿಗಳನ್ನು ಪಾತ್ರೆಗೆ ತುಂಬಿದ್ದೆ.

ವಾರ ಕಳೆದ ಮೇಲೆ ಒಂದು ಸಂಜೆ ಅವಳು ಸೂಜಿ ಕೆಳಗಿಟ್ಟಳು.

“ನಿಮ್ಮನ್ನ ಒಂದು ಕೇಳ್ಬೇಕು. ನೀವು ಆ ಗೆರೆಮನೇಲಿ ಅಲ್ವಾ ಇರದು?”

“ಹೌದಜ್ಜಿ.”

“ನಂಗೆ ಅಳು ಬತ್ತಿಲ್ಲ ಕಣವ್ವ. ಹೆತ್ತೋಳು ನಾನು. ಅವಳು ಹೋದ್ಳು ಅಂದ್ರೆ ಎದೆ ಒಡೀಬೇಕಲ್ವಾ? ಏನೂ ಆಗಲ್ಲ. ಹಸಿವಾಗ್ತದೆ, ನಿದ್ದೆ ಬತ್ತದೆ. ಇದೇನು, ಈ ಬಿಲ್ಲೆ ತಡೀತದಾ?”

ಇಪ್ಪತ್ತೇಳು ಅಂಕ ಬಂದವಳಿಗೆ ಸುಳ್ಳು ಹೇಳುವುದು ಕಷ್ಟ. “ಇರಬಹುದು,” ಎಂದೆ.

“ಹಂಗಾದ್ರೆ ಒಂದ್ಸಲ ತಗೀರಿ. ಅತ್ತು ಮುಗಿಸ್ತೀನಿ. ಆಮೇಲೆ ಬೇಕಾದ್ರೆ ಹಾಕಳಿ.”

*

ಗೆರೆಮನೆಯಲ್ಲಿ ನನ್ನ ಪಕ್ಕದ ಕುರ್ಚಿಯವನು ಯೋಗಾನಂದ. ಬಿಲ್ಲೆ ಏನನ್ನು ತಡೆಯುತ್ತಿದೆ ಎಂದು ನೋಡಲು, ಅಜ್ಜಿಯ ಹಳೆಯ ಗೆರೆಗಳನ್ನು ತೆಗೆದುಕೊಡು ಎಂದು ಅವನನ್ನೇ ಕೇಳಿದೆ. ಬಿಲ್ಲೆಯ ಮೊದಲ ತಿಂಗಳಿಗೆ ನಾವು ‘ಬರೀ ನೋಡುವ ತಿಂಗಳು’ ಎನ್ನುತ್ತೇವೆ. ಆಗ ಅದು ಹನಿ ಬಿಡುವುದಿಲ್ಲ, ಅಳೆಯುತ್ತದೆ ಅಷ್ಟೆ. ಆ ಮನುಷ್ಯನ ದಿನಚರಿ ಕಲಿಯುತ್ತದೆ. ಯಾರಿಗಾದರೂ ಬೆಳಿಗ್ಗೆ ಆರಕ್ಕೆ ಕಾಫಿ ಕುಡಿಯುವ ರೂಢಿಯಿದ್ದರೆ, ಆ ಹೊತ್ತಿಗೊಂದು ಸಣ್ಣ ದಿಬ್ಬಕ್ಕೆ ಜಾಗ ಬಿಟ್ಟುಕೊಡುತ್ತದೆ.

ಇನ್ನೂರ ಎಪ್ಪತ್ತೇಳರ ಆ ತಿಂಗಳು ಪರದೆಯ ಮೇಲೆ ಬಂತು. ಏರು ತಗ್ಗಿನ ಗೆರೆ. ಆದರೆ ಪ್ರತಿ ಸಂಜೆ ಆರೂವರೆಗೆ ಸರಿಯಾಗಿ ಒಂದು ಗೋಪುರ ಏಳುತ್ತಿತ್ತು. ಇನ್ನೂರ ಮೂವತ್ತರವರೆಗೆ. ಎಂಟಕ್ಕೆ ಇಳಿಯುತ್ತಿತ್ತು. ಮೂವತ್ತು ದಿನ, ಮೂವತ್ತು ಗೋಪುರ.

“ಇದೇನೇ ಇದು? ನಿಮ್ಮಜ್ಜಿ ದಿನಾ ಮದ್ವೆ ಊಟಕ್ಕೆ ಹೋಯ್ತಿದ್ರಾ?” ಎಂದ ಯೋಗಾನಂದ. ಆಮೇಲೆ ಕೆಳಗಿನ ಟಿಪ್ಪಣಿ ಓದಿದ. “ಮಿಷನ್ನು ಇದ್ನ ಅಳತೆ ತಪ್ಪು ಅಂತ ಒರೆಸ್ಬುಟ್ಟದೆ ನೋಡು. ಯಾಕಂದ್ರೆ ಅರ್ಜೀಲಿ ಸಿಹಿ ತಿಂತಾರಾ ಅಂತಿರೋ ಕಡೆ ‘ಇಲ್ಲ’ ಅಂತ ಬರ್ದವ್ರೆ. ಯಾರ್ ತುಂಬಿದ್ದು ಅರ್ಜಿ?”

ನಾನೇ ತುಂಬಿದ್ದು.

ನಾವು ಅದನ್ನು ಸಿಹಿ ಎಂದುಕೊಂಡೇ ಇರಲಿಲ್ಲ. ಐವತ್ತೈದರಲ್ಲಿ ಸಕ್ಕರೆ ಕಾಯಿಲೆ ಬಂದ ದಿನವೇ ಅಜ್ಜಿ ಸಕ್ಕರೆ ಬಿಟ್ಟಳು. ಕಾಫಿಗೆ ಬೆಲ್ಲ ಹಾಕಿಕೊಂಡಳು. ಬೆಲ್ಲ ತಂಪು, ಬೆಲ್ಲ ರಕ್ತಕ್ಕೆ ಒಳ್ಳೆಯದು, ಬೆಲ್ಲ ದೇವರ ಮುಂದೆ ಇಡುವ ವಸ್ತು. ಮನೆಗೆ ಬಂದವರಿಗೆ ನೀರಿನ ಜೊತೆ ಕೊಡುವುದು. ಅದನ್ನು ಜಿಲೇಬಿ, ಮೈಸೂರುಪಾಕಿನ ಸಾಲಿನಲ್ಲಿ ಬರೆಯಲು ನಮ್ಮ ಕಡೆ ಯಾರ ಕೈಗೂ ತೋಚುವುದಿಲ್ಲ.

ಸಂಜೆ ಆರೂವರೆ ನಮ್ಮ ಮನೆಯಲ್ಲಿ ಕಥೆಯ ಹೊತ್ತು. ದೀಪ ಹಚ್ಚಿದ ಮೇಲೆ ಅಜ್ಜಿ ಒಂದು ಅಚ್ಚು ಬೆಲ್ಲ ತಂದು ಹೊಸ್ತಿಲಿಗೆ ಕುಟ್ಟಿ ಎರಡು ಮಾಡುತ್ತಿದ್ದಳು. ಅರ್ಧ ನನ್ನ ಬಾಯಿಗೆ, ಅರ್ಧ ಅವಳ ಬಾಯಿಗೆ. ಹೇಳುವ ಬಾಯಿ, ಕೇಳುವ ಬಾಯಿ ಎರಡೂ ಸಿಹಿಯಾಗದೆ ಕಥೆ ಶುರುವಾಗುವಂತಿರಲಿಲ್ಲ. ಆಮೇಲೆ ನಾನು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ನನ್ನ ಐದನೆಯ ವಯಸ್ಸಿನಿಂದ ಬಿಲ್ಲೆ ಹನಿ ಬಿಡತೊಡಗುವ ಹಿಂದಿನ ಸಂಜೆಯವರೆಗೂ ಹೀಗೇ ನಡೆಯಿತು. ಇಪ್ಪತ್ತನಾಲ್ಕರ ಹುಡುಗಿ ಡ್ಯೂಟಿಯಿಂದ ಬಂದು ಬಾಯಿ ತೆರೆದು ಕೂರುತ್ತಿದ್ದೆ.

ಹತ್ತೊಂಬತ್ತು ವರ್ಷ, ದಿನಕ್ಕೆ ಅರ್ಧ ಅಚ್ಚು. ನಾನು ಗುಣಿಸಲು ಹೋಗಲಿಲ್ಲ.

ಡಾಕ್ಟರ್ ಜಬೀನ್ ಈ ಪ್ರಯೋಗದ ಮುಖ್ಯಸ್ಥೆ. ದಾವಣಗೆರೆಯವರು. ನನ್ನ ಮಾತು ಮುಗಿಯುವವರೆಗೂ ಪೆನ್ನಿನ ಕ್ಯಾಪು ಹಾಕುತ್ತ ತೆಗೆಯುತ್ತ ಇದ್ದರು.

“ಮಂಡ್ಯದೋರಿಗೆ ಅರ್ಜೀಲಿ ‘ಬೆಲ್ಲ ತಿಂತೀರಾ’ ಅಂತ ಬೇರೆ ಒಂದು ಪ್ರಶ್ನೆ ಹಾಕ್ಬೇಕಿತ್ತು ನಾನು,” ಎಂದರು. ನಗಲಿಲ್ಲ. “ನೋಡಮ್ಮ ನಿಸರ್ಗ, ಮೆದುಳು ಒಂದು ವಿಷಯ ಎತ್ತಿಡುವಾಗ ಆ ಹೊತ್ತಿನ ಮೈಯ ಸ್ಥಿತಿಯನ್ನೂ ಸೇರಿಸಿ ಎತ್ತಿಡುತ್ತೆ ಅನ್ನೋ ಅನುಮಾನ ನನಗೆ ಮೊದಲಿಂದ ಇದೆ. ಇನ್ನೂರು ದಾಟಿದಾಗ ಇಟ್ಟದ್ದು ನೂರ ಹನ್ನೆರಡರಲ್ಲಿ ಸಿಗೋದಿಲ್ಲ. ಇದೇ ದೂರು ಹನ್ನೊಂದು ಮನೆಯಿಂದ ಬಂದಿದೆ. ಉಳಿದ ಮನೆಗಳಲ್ಲಿ ನೆನಪಿದೆಯಾ ಅಂತ ಕೇಳೋರೇ ಇಲ್ಲವೋ ಏನೋ.”

“ಸಂಜೆಯ ದಿಬ್ಬ ವಾಪಸ್ ಕೊಟ್ಟರೆ?”

“ಅವರ ಕಣ್ಣಿನ ಹಿಂದಿನ ನಾಳಗಳು ಸೋರ್ತಾ ಇದ್ದವು, ಈಗ ನಿಂತಿದೆ. ದಿನಾ ಏರಿಸಿದರೆ ಮೊದಲು ಕಣ್ಣು ಹೋಗುತ್ತೆ. ಆಮೇಲೆ ಮೆದುಳಿನ ಸಣ್ಣ ನಾಳಗಳು. ಆಗ ಅವರ ತಲೆಯಲ್ಲಿ ನೀನೂ ಇರಲ್ಲ, ಏಳೇಳು ಕಳೆಯೋ ಲೆಕ್ಕವೂ ಇರಲ್ಲ.” ಕ್ಯಾಪು ಹಾಕಿದರು. “ಒಂದು ಸಂಜೆ ಬಿಡಬಹುದು. ತೊಂಬತ್ತು ನಿಮಿಷ. ಇನ್ನೂರ ನಲವತ್ತು ದಾಟಿದರೆ ನಾನೇ ಎಳೆದು ಇಳಿಸ್ತೀನಿ. ಸಹಿ ಅವರೇ ಹಾಕಬೇಕು, ನೀನಲ್ಲ. ಮತ್ತೆ ಇನ್ನೊಂದು. ಅಲ್ಲಿ ಆಗಿದ್ದು ಇಳಿದ ಮೇಲೆ ಅವರಿಗೆ ನೆನಪಿರೋದಿಲ್ಲ.”

“ನನಗಿರುತ್ತೆ,” ಎಂದೆ.

ಅವರು ನನ್ನನ್ನು ನೋಡಿದರು. ಒಪ್ಪಿಗೆಯ ಕಾಗದವನ್ನು ನನ್ನ ಕಡೆ ಸರಿಸಿದರು.

*

ಅಜ್ಜಿ ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದಳು. ಹೊಸ ಸೀರೆ ಉಟ್ಟುಕೊಂಡಳು. ಅಳುವುದಕ್ಕೆ ಒಂದು ಕರವಸ್ತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆರೂವರೆಗೆ ನಾನು ಬೆಲ್ಲದ ಅಚ್ಚನ್ನು ಹೊಸ್ತಿಲಿಗೆ ಕುಟ್ಟಿದೆ. ಸರಿಯಾಗಿ ಎರಡಾಗಲಿಲ್ಲ, ದೊಡ್ಡ ಚೂರನ್ನು ಅವಳಿಗೆ ಕೊಟ್ಟೆ. ನನ್ನದು ಅಂಗೈಯಲ್ಲೇ ಉಳಿಯಿತು. ಫೋನಿನಲ್ಲಿ ಯೋಗಾನಂದನ ಸಂದೇಶ ಬಂತು: ‘ಬಿಲ್ಲೆ ನಿಲ್ಸಿದೀವಿ. ಮೇಡಂ ಗೋಡೆ ಮುಂದೇನೇ ನಿಂತವ್ರೆ.’

ನೂರ ಹದಿನಾಲ್ಕು. ನೂರ ನಲವತ್ತು. ನೂರ ಎಪ್ಪತ್ತು ದಾಟುವಾಗ ಅಜ್ಜಿ ನೀರು ಕೇಳಿದಳು. ಇನ್ನೂರಕ್ಕೆ ಬಂದಾಗ ಕಣ್ಣು ಮುಚ್ಚಿದಳು. ನಾನು ಅಂಕಿ ನೋಡುತ್ತಿದ್ದೆ. ಇನ್ನೂರ ಹದಿನಾರು. ಇನ್ನೂರ ಇಪ್ಪತ್ತಮೂರು. ಏನಾದರೂ ಅನ್ನಿಸಬೇಕಿತ್ತು ನನಗೆ. ಗೋಡೆಯ ಮುಂದೆ ಕೂತಾಗಿನ ಹಾಗೇ ಇದ್ದೆ.

“ಬೆಲ್ಲ ಕೈಲಿಡ್ಕೊಂಡು ಯಾಕೆ ಕುಂತಿದ್ದೀಯೆ ಕೂಸೆ? ಕರಗೋಯ್ತದೆ, ತಿನ್ನು.”

ತಲೆಯೆತ್ತಿ ನೋಡಿದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಬೈಯುವ ಕಣ್ಣು. ಹತ್ತೊಂಬತ್ತು ವರ್ಷ ನನ್ನನ್ನು ಬೈದ ಕಣ್ಣು.

“ಅಜ್ಜಿ.”

“ಏನು ಅಜ್ಜಿ? ಎಷ್ಟು ಸಣ್ಣ ಆಗಿದ್ದೀಯ! ಆ ಗೆರೆಮನೇಲಿ ಊಟ ಮಾಡಕ್ಕೂ ಬುಡಕಿಲ್ವಾ? ತಲೆಗೆ ಎಣ್ಣೆ ಕಂಡು ಎಷ್ಟು ದಿನ ಆಯ್ತು?” ನನ್ನ ಜಡೆ ಎಳೆದು ಮೂಸಿದಳು. “ನಿಮ್ಮವ್ವಂದೂ ಹಿಂಗೇ. ಎಣ್ಣೆ ಅಂದ್ರೆ ಓಡೋಗೋಳು.”

ಜಡೆ ಕೈಬಿಟ್ಟಳು. ಅಮ್ಮನ ವಿಷಯ ಅವಳನ್ನು ಬಂದು ಮುಟ್ಟಿತ್ತು. ನಾನು ಕಾದೆ. ಅವಳ ಕೈ ಸೊಂಟದ ಕರವಸ್ತ್ರದವರೆಗೂ ಹೋಗಿ ಅಲ್ಲೇ ನಿಂತಿತು.

“ಆಗ್ಲೂ ಅಳ್ಲಿಲ್ಲ ಕಣೆ ನಾನು,” ಎಂದಳು ನಿಧಾನಕ್ಕೆ. “ಈಗ ನೆಪ್ಪಿಗೆ ಬತ್ತಾ ಅದೆ. ಆಸ್ಪತ್ರೆಯಿಂದ ತಂದು ಮಲಗ್ಸಿದ್ರು. ನೀನು ನನ್ ಸೆರಗು ಹಿಡ್ಕೊಂಡು, ಅವ್ವ ಯಾವಾಗ ಏಳ್ತದೆ ಅಂತಿದ್ದೆ. ನಾನು ಅತ್ರೆ ನೀನು ಹೆದರ್ಕೊತೀಯ ಅಂತ ಅಳ್ಲಿಲ್ಲ. ಆ ಸಂಜೆ ನೀನು ಅನ್ನ ಮುಟ್ಲಿಲ್ಲ. ಬೆಲ್ಲ ಕೊಟ್ಟೆ, ತಿಂದೆ. ಬೆಲ್ಲ ಇರೋಗಂಟ ಸುಮ್ಕಿರ್ತೀಯಲ್ಲ ಅಂತ ಒಂದು ಕತೆ ಕಟ್ದೆ.”

“ಯಾವ ಕಥೆ?”

“ಸೋರೆಬುರುಡೇದು.”

ನೂರಾರು ಸಲ ಕೇಳಿದ ಕಥೆ. ಅವಳು ಮತ್ತೆ ಹೇಳಿದಳು. ಒಂದೂರಲ್ಲಿ ಒಬ್ಬ ಅವ್ವ. ಅವಳ ಮನೆಗೆ ಒಂದು ದಿನ ಅಳು ಬಂತು, ನೆಂಟರ ಹಾಗೆ ಗಂಟುಮೂಟೆ ಕಟ್ಟಿಕೊಂಡು. ಮನೆಯಲ್ಲಿ ಕೂಸಿದೆ, ಈಗ ಬೇಡ, ಆಮೇಲೆ ಬಾ ಎಂದಳು ಅವ್ವ. ಅಷ್ಟು ದೂರದಿಂದ ಬಂದಿದ್ದೇನೆ, ಎಲ್ಲಿಗೆ ಹೋಗಲಿ ಎಂದಿತು ಅಳು. ಅವ್ವ ಒಂದು ಒಣ ಸೋರೆಬುರುಡೆ ತಂದು, ಇದರೊಳಗೆ ಕೂತಿರು ಎಂದು ಹೇಳಿ, ಮುಚ್ಚಿ ಅಟ್ಟದ ಮೇಲಿಟ್ಟಳು. ದಿನಾ ದೀಪ ಹಚ್ಚುವ ಹೊತ್ತಿಗೆ ಅಟ್ಟದಿಂದ ದನಿ ಬರುತ್ತಿತ್ತು: ಈಗ ಬರಲಾ? ಅವ್ವ ಹೇಳುತ್ತಿದ್ದಳು: ಕೂಸು ಇನ್ನೂ ಎದ್ದಿದೆ.

“ಹೂಂ,” ಎನ್ನುತ್ತಿದ್ದೆ ನಾನು. “ಹೂಂ.”

ಚಿಕ್ಕವಳಿದ್ದಾಗ ಆ ಬುರುಡೆ ನೋಡಬೇಕೆಂದು ಏಣಿ ಹತ್ತಿದ್ದೆ. ಅಲ್ಲಿ ಹಳೆಯ ಕೊಳಗ, ಮುರಿದ ಒನಕೆ ಇದ್ದವು. ಬುರುಡೆ ಕಳ್ಳರ ಪಾಲಾಯಿತೆಂದು ಎರಡು ದಿನ ಗಲಾಟೆ ಮಾಡಿದ್ದೆ.

“ಕೊನೆಗೆ ಏನಾಗುತ್ತಜ್ಜಿ?”

“ನಂಗೇನ್ ಗೊತ್ತು? ನೀನು ಯಾವತ್ತೂ ಮುಂಚೇನೇ ನಿದ್ದೆ ಹೋಗ್ಬುಡ್ತಿದ್ದೆ. ಕೊನೆ ಕಟ್ಟೋ ಕೆಲ್ಸ ನಂಗೆ ಬೀಳ್ಲೇ ಇಲ್ಲ.” ನಕ್ಕಳು. ಹಲ್ಲಿನ ಸಂದಿಯಲ್ಲಿ ಬೆಲ್ಲದ ಬಣ್ಣವಿತ್ತು.

ಗಡಿಯಾರ ನೋಡಿದೆ. ಇನ್ನು ಹದಿನೈದು ನಿಮಿಷ. ಅವಳೂ ನೋಡಿದಳು.

“ಇದು ಇಳಿದ್ರೆ ನಂಗೆ ನೀನು ಮರ್ತೋಯ್ತೀಯ, ಅಲ್ವಾ?”

“ಹೂಂ.”

“ಎಷ್ಟು ದಿನಕ್ಕೊಂದ್ಸಲ ಹಿಂಗೆ ಮಾಡ್ಬೋದಂತೆ?”

“ಕಣ್ಣು ಹೋಗುತ್ತಂತೆ ಅಜ್ಜಿ. ಬೆಲ್ಲದಿಂದಾನೇ ನಿನಗೆ ಇಷ್ಟೆಲ್ಲ... ದಿನಾ ನನ್ನ ಜೊತೆ ತಿಂದು...”

“ಥೂ, ಸುಮ್ಕಿರು. ತಿಂದಿದ್ದು ನನ್ ಬಾಯಿ. ನಿನ್ ಬಾಯಾ?” ನನ್ನ ಮುಷ್ಟಿ ಬಿಡಿಸಿ ಅಂಗೈಯ ಬೆಲ್ಲವನ್ನು ನನ್ನ ಬಾಯಿಗಿಟ್ಟಳು. ಅರ್ಧ ಕರಗಿತ್ತು. “ಇನ್ನೊಂದ್ಸಲ ಮಾಡ್ಬೇಡ. ಆ ಕೆಳಗಡೆ ಅಂಕೀಲಿರೋ ಮುದ್ಕಿ ಹೊಲಿಗೆ ಹಾಕೊಂಡು ಚೆನ್ನಾಗವ್ಳೆ. ಇರ್ಲಿ ಬುಡು. ಕತೆ ನಿಂಗೊತ್ತಲ್ಲ, ನೀನೇ ಹೇಳು ಅವಳ್ಗೆ. ಹೂಂ ಅನ್ನಕ್ಕೆ ಅವಳ್ಗೇನು ಸಕ್ಕರೆ ಬೇಕಾ?”

ಎಂಟು ಗಂಟೆಗೆ ಬಿಲ್ಲೆ ಕೆಲಸ ಶುರುಮಾಡಿತು. ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಇನ್ನೂರು. ನೂರ ಎಂಬತ್ತು. ಬೆರಳುಗಳು ಬೈತಲೆಯಲ್ಲಿ ಮೆಲ್ಲಗಾದವು, ಆಮೇಲೆ ಸಂಕೋಚಪಟ್ಟವು, ಆಮೇಲೆ ನಿಂತವು.

“ಅಯ್ಯೋ, ಸಾಕೇನವ್ವ? ಬಟ್ಟೆಗೆ ತಾಗೀತು ನೋಡ್ಕೊಳಿ.”

ಫೋನು ಮಿನುಗಿತು. ಯೋಗಾನಂದ: ‘ಗೆರೆ ಸರಿ ಹೋಯ್ತು.’

*

ಬೆಳಿಗ್ಗೆ ಅವಳು ಕರವಸ್ತ್ರ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮಡಿಕೆ ಬಿಚ್ಚಿರಲಿಲ್ಲ.

“ನೆನ್ನೆ ಅತ್ತೆನಾ ನಾನು?”

ಅವಳು ಕೇಳಿದ್ದು ಅದೊಂದೇ. ಅದಕ್ಕಾಗಿ ಸಹಿ ಹಾಕಿದ್ದಳು.

“ಹೂಂ,” ಎಂದೆ.

“ತುಂಬಾನಾ?”

“ಹೂಂ.”

“ಸದ್ಯ.” ಉಸಿರು ಬಿಟ್ಟಳು. ಕರವಸ್ತ್ರವನ್ನು ಕೊಡವಿ, ಮತ್ತೆ ಅದೇ ಮಡಿಕೆಗೆ ಮಡಚಿ, ಪೆಟ್ಟಿಗೆಯಲ್ಲಿಟ್ಟಳು. “ಹೆತ್ತೋಳು ಅಳ್ದೆ ಇದ್ರೆ ಹೆಂಗೆ, ಅಲ್ವಾ?”

ಆ ದಿನ ಗೋಡೆಯ ಮೇಲೆ ಇನ್ನೂರ ಎಪ್ಪತ್ತೇಳನೆಯ ಗೆರೆ ಉಳಿದವುಗಳ ಜೊತೆ ಮಲಗಿತ್ತು. ಹಿಂದಿನ ಸಂಜೆಯ ಗೋಪುರ ಎಡಕ್ಕೆ ಸರಿಯುತ್ತ, ಮಧ್ಯಾಹ್ನದ ಊಟದ ಹೊತ್ತಿಗೆ ಪರದೆಯ ಅಂಚಿನಿಂದ ಆಚೆ ಹೋಯಿತು. ಡಾಕ್ಟರ್ ಜಬೀನ್ ಬಂದು, ಮೂರು ತಿಂಗಳು ಬಿಟ್ಟು ಇನ್ನೊಂದು ಸಲಕ್ಕೆ ಅರ್ಜಿ ಹಾಕಬಹುದು, ಹಾಕ್ತೀಯಾ ಎಂದು ಕೇಳಿದರು. ಬೇಡ ಎಂದೆ. ಅರ್ಜಿ ನಮೂನೆಯಲ್ಲಿ ಬೆಲ್ಲದ ಪ್ರಶ್ನೆಯೊಂದನ್ನು ಸೇರಿಸಿದ್ದರು. ಅಕ್ಷರ ತಪ್ಪಿದೆಯೇ ನೋಡು ಎಂದು ನನಗೇ ಕೊಟ್ಟರು. ತಪ್ಪಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಕುಲಾವಿಗೆ ಕೊನೆಯ ಹೊಲಿಗೆ ಹಾಕಿ ದಾರ ಕಡಿದಳು. ಹಿಡಿದು ನೋಡಿ, ನನ್ನ ಕೈಗಿಟ್ಟಳು. “ನಿಮ್ತಾವೇ ಇರ್ಲಿ ಕಣವ್ವ. ಆ ಕೂಸು ನೀವೇ ಅಂತೀರಲ್ಲ.”

ನನ್ನ ಮುಷ್ಟಿ ಹಿಡಿಯುವಷ್ಟಿತ್ತು. ಮುಷ್ಟಿಗೇ ಹಾಕಿಕೊಂಡೆ. ಅವಳ ಎದುರಿಗೆ ಹೊಸ್ತಿಲ ಮೇಲೆ ಕೂತೆ. ಹಿಂದಿನ ಸಂಜೆ ಕುಟ್ಟಿದ ಜಾಗದಲ್ಲಿ ಇರುವೆಗಳು ಸಾಲುಗಟ್ಟಿದ್ದವು.

“ಅಜ್ಜಿ, ಒಂದು ಕಥೆ ಹೇಳ್ಲಾ?”

“ಹೇಳಿ ಹೇಳಿ. ಟಿ.ವಿ.ಲಿ ಏನೂ ಇಲ್ಲ.”

“ಹೂಂಗುಟ್ಟಬೇಕು. ಇಲ್ಲಾಂದ್ರೆ ನಿಲ್ಲಿಸ್ತೀನಿ.”

“ಅದೇನ್ ನೀವು ನಂಗೆ ಹೇಳ್ಕೊಡದು!” ಎಂದು ಕಾಲು ನೀಡಿ ಕೂತಳು.

ಒಂದೂರಲ್ಲಿ ಒಬ್ಬ ಅವ್ವ ಎಂದು ಶುರುಮಾಡಿದೆ. ಅಳು ನೆಂಟರ ಹಾಗೆ ಬಂತು. ಹೂಂ. ಅವ್ವ ಸೋರೆಬುರುಡೆ ತಂದಳು. ಹೂಂ. ಅಟ್ಟದ ಮೇಲಿಟ್ಟಳು. ಅವಳು ಅಟ್ಟದ ಕಡೆ ಒಮ್ಮೆ ನೋಡಿದಳು. ಮಣಿಕಟ್ಟಿನಲ್ಲಿ ನೂರ ಹನ್ನೆರಡು ನೂರ ಇಪ್ಪತ್ತೊಂಬತ್ತಾಯಿತು. ದನಿ ಬದಲಾಗದಂತೆ ಕಥೆ ಮುಂದುವರಿಸಿದೆ. ಬಿಲ್ಲೆ ತನ್ನ ಹನಿ ಬಿಟ್ಟಿರಬೇಕು.

“ಯಾರ್ ಹೇಳಿದ್ದು ನಿಮ್ಗೆ ಈ ಕತೆ?”

“ನಮ್ಮಜ್ಜಿ.”

“ಚೆನ್ನಾಗದೆ. ಪಾಪ, ಆ ಅಳು ಎಷ್ಟು ದಿನ ಅಂತ ಕಾಯ್ತದೆ?” ನನ್ನ ಕಡೆ ಬಾಗಿದಳು. “ಆ ಕೂಸು ನಿದ್ದೆ ಹೋಯ್ತಾ ಕೊನೆಗೆ?”

ನಾನು ಕೆಂಪು ಕುಲಾವಿಯೊಳಗಿನ ನನ್ನ ಮುಷ್ಟಿ ನೋಡಿದೆ.

“ಇಲ್ಲಜ್ಜಿ,” ಎಂದೆ. “ಇನ್ನೂ ಎದ್ದಿದೆ.”

“ಹೂಂ,” ಎಂದಳು ಅಜ್ಜಿ.

ನೂರ ಹನ್ನೆರಡು.